ಅಕ್ರೋಟು ಸಸಿಗೆ ಮುದುಕಿಯ ಕೈ

ವಾಲ್ಯಾ ರೆಚೆ, ಮೊಲ್ಡೋವಾ
ಸೋಮವಾರ, ಏಪ್ರಿಲ್ 19, 2004

ಮುದ್ದು ಮಗಳೇ ನಾದ್ಯಾ,

ಅಮ್ಮನ ನೆನಪು, ಅಮ್ಮನ ಹಾರೈಕೆ. ಮೊದಲು ನಿನ್ನ ಸೊಂಟದ ವಿಷಯ ಹೇಳು. ಹಿಂದಿನ ಕಾಗದದಲ್ಲಿ ನೋವಿದೆ ಎಂದು ಬರೆದಿದ್ದೆ, ಆಮೇಲೆ ಫೋನಿನಲ್ಲಿ ಕೇಳಿದರೆ ಏನೂ ಇಲ್ಲ ಎಂದೆ. ಫೋನಿನಲ್ಲಿ ನೀನು ಹೇಳುವುದರಲ್ಲಿ ನಾನು ಅರ್ಧವನ್ನು ಮಾತ್ರ ನಂಬುತ್ತೇನೆ. ನೀನು ಆರೈಕೆ ಮಾಡುವ ಆ ಇಟಲಿಯ ಅಜ್ಜಮ್ಮನನ್ನು ಹಾಸಿಗೆಯಿಂದ ಎತ್ತುವಾಗ ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸಿ ಎತ್ತು. ಇಲ್ಲಿ ಜೋಳದ ಹಿಟ್ಟಿನ ಚೀಲ ಎತ್ತುತ್ತಿದ್ದೆಯಲ್ಲ, ಹಾಗೆ. ಅವರು ಹೇಗಿದ್ದಾರೆ? ಊಟ ಸೇರುತ್ತದೆಯೇ? ಅವರಿಗೆ ನನಗಿಂತ ಎರಡೇ ವರ್ಷ ಹೆಚ್ಚು ಎಂದು ನೀನೇ ಬರೆದಿದ್ದೆ. ನಿಜ ಹೇಳಲೇ? ಅವರನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ಅವರ ತಲೆ ಬಾಚುವವಳು ನೀನು, ಕಾಲುಗುರು ಕತ್ತರಿಸುವವಳು ನೀನು, ಕರೆದರೆ ಓಗೊಡುವವಳೂ ನೀನು. ಹೀಗೆ ಬರೆದದ್ದಕ್ಕೆ ದೇವರು ಕ್ಷಮಿಸಲಿ. ಅವರು ಚೆನ್ನಾಗಿರಲಿ, ನಾನು ಕೇಳಿದೆ ಎಂದು ಹೇಳು.

ನಾವು ಮೂವರೂ ಆರೋಗ್ಯವಾಗಿದ್ದೇವೆ. ನನ್ನ ಮಂಡಿ ಮಾತ್ರ ಮಳೆಗೆ ಮುಂಚೆ ಸುದ್ದಿ ಕೊಡುತ್ತದೆ, ಅದು ಹಳೆಯ ಕಥೆ. ನಿನ್ನ ಮಗಳು ಡೋಯ್ನಾ ಈ ಚಳಿಗಾಲದಲ್ಲಿ ಎಷ್ಟು ಉದ್ದವಾದಳೆಂದರೆ, ನೀನು ಬಿಟ್ಟುಹೋದ ಕಂದು ಕೋಟನ್ನು ತೋಳು ಮಡಿಸದೆ ಹಾಕಿಕೊಳ್ಳುತ್ತಾಳೆ. ನೀನು ಹೋದ ದಿನ ಗೂಟದಲ್ಲಿದ್ದ ಅದೇ ಕೋಟಿನ ತುದಿ ಹಿಡಿದುಕೊಂಡು ಅತ್ತಿದ್ದ ಐದು ವರ್ಷದ ಮಗು. ಮೊನ್ನೆ ಹಿತ್ತಲಲ್ಲಿ ಬೆನ್ನು ಮಾಡಿ ನಿಂತಿದ್ದಳು, ನಾನು ಬಾಯಿತಪ್ಪಿ "ನಾದ್ಯಾ, ಕೋಳಿ ಒಳಗೆ ಹಾಕೇ" ಅಂದೆ. ಅವಳು ತಿರುಗಿ ನಕ್ಕಳು. ಕೋಳಿಗಳನ್ನು ನಾನೇ ಒಳಗೆ ಹಾಕಿದೆ.

ಇವತ್ತು ಹಿರಿಯರ ಈಸ್ಟರ್, ಸತ್ತವರನ್ನು ನೆನೆಯುವ ದಿನ. ಬೆಳಿಗ್ಗೆ ಎಲ್ಲರೂ ಸ್ಮಶಾನಕ್ಕೆ ಹೋಗಿದ್ದೆವು. ನಿನ್ನಪ್ಪನ ಸಮಾಧಿಯ ಮೇಲೆ ನೀನು ಕಸೂತಿ ಹಾಕಿದ ಬಟ್ಟೆಯನ್ನೇ ಹಾಸಿದೆ. ಕೆಂಪು ಮೊಟ್ಟೆ, ಅಕ್ರೋಟು ತುಂಬಿದ ಸಿಹಿರೊಟ್ಟಿ, ಒಂದು ಬಾಟಲಿ ವೈನು. ಪಾದ್ರಿ ಬಂದು ಪ್ರಾರ್ಥನೆ ಹೇಳಿದರು, ಅವರ ಗಂಟಲು ಈ ವರ್ಷ ಇನ್ನೂ ಕೆಟ್ಟಿದೆ. ಹೊರಗಿನ ದೇಶದಿಂದ ಬಂದವರೇ ಬಂದವರು, ರಸ್ತೆ ತುಂಬ ಕಾರು. ಪಕ್ಕದ ಮನೆ ಸಾಫ್ತಾಳ ಮಗಳು ಪೋರ್ಚುಗಲ್ಲಿನಿಂದ ಬಂದಿದ್ದಾಳೆ. ಅವಳಿಗೆ ಅಲ್ಲಿ ನೆಲೆಸುವ ಕಾಗದಪತ್ರ ಆಗಿದೆಯಂತೆ, ಇನ್ನು ಬೇಕಾದಾಗ ಬರಬಹುದಂತೆ. ಸಾಫ್ತಾ ಇದನ್ನು ನನಗೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಕೊನೆಗೆ, ನಿನ್ನ ಮಗಳು ಹಾಕಿಕೊಂಡಿರುವ ಸೆಂಟಿಗೆ ಸತ್ತವರೂ ಎದ್ದು ಕೂತಾರು, ಸ್ವಲ್ಪ ಆ ಕಡೆ ಹೋಗಲಿ ಅಂದೆ. ಎಲ್ಲರೂ ನಕ್ಕರು, ಸಾಫ್ತಾ ಮಾತ್ರ ಮುಖ ದಪ್ಪ ಮಾಡಿಕೊಂಡಳು. ನಿನ್ನ ಕಾಗದಪತ್ರದ ಸಂಗತಿ ಏನಾಯಿತು ಎಂದು ನಾನು ಕೇಳುವುದಿಲ್ಲ. ಅದು ಬರುವ ಮೊದಲು ಇಟಲಿ ಬಿಟ್ಟು ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ ಎಂಬುದು ನನಗೂ ಅರ್ಥವಾಗುತ್ತದೆ. ಅರ್ಥವಾದದ್ದೆಲ್ಲ ಮನಸ್ಸಿಗೆ ಒಪ್ಪಬೇಕಲ್ಲ.

ಈಗ ನಿನ್ನ ಗಂಡನ ವಿಷಯಕ್ಕೆ ಬರುತ್ತೇನೆ. ನನ್ನ ಅಳಿಯ ಟುಡೋರ್ ಮಹಾಶಯರಿಗೆ ಅಕ್ರೋಟಿನ ಹುಚ್ಚು ಹಿಡಿದಿದೆ. ದಿಬ್ಬದ ಮೇಲಿನ ನಮ್ಮ ಹೊಲವಿದೆಯಲ್ಲ, ನಿನ್ನಪ್ಪ ಸೂರ್ಯಕಾಂತಿ ಹಾಕುತ್ತಿದ್ದದ್ದು, ಅದನ್ನಿಡೀ ತೋಪು ಮಾಡುತ್ತಾನಂತೆ. ಕೆಳಗಿನ ಹೊಲದ ಮಣ್ಣು ಒಳ್ಳೆಯದಲ್ಲವೇನೋ ಎಂದು ಕೇಳಿದ್ದಕ್ಕೆ, ರಾತ್ರಿಯ ತಣ್ಣನೆ ಗಾಳಿ ಇಳಿದು ತಗ್ಗಿನಲ್ಲೇ ನಿಲ್ಲುತ್ತದೆ, ಮೇ ತಿಂಗಳ ಒಂದು ರಾತ್ರಿಯ ಹಿಮಕ್ಕೆ ಚಿಗುರೆಲ್ಲ ಕಪ್ಪಾಗುತ್ತದೆ ಎಂದು ನನಗೇ ಪಾಠ ಮಾಡಿದ. ಹೋದ ಶರತ್ಕಾಲದಲ್ಲೇ ಗುಂಡಿ ತೋಡಿಟ್ಟ, ಮಂಜು ಬಿದ್ದು ಮಣ್ಣು ಪುಡಿಯಾಗಲಿ ಎಂದು. ಚಳಿಗಾಲದ ತುಂಬ ಜೊಂಡು ಕೊಯ್ದು ಕಟ್ಟು ಕಟ್ಟಿದ; ಮುಂದಿನ ಚಳಿಗೆ ಎಳೆಕಾಂಡಕ್ಕೆ ಸುತ್ತಲು, ಮೊಲ ತೊಗಟೆ ತಿನ್ನದಿರಲು. ನನ್ನ ಹಳೆಯ ಉಣ್ಣೆಯ ಕಾಲುಚೀಲಗಳನ್ನೂ ಬಿಡಲಿಲ್ಲ, ಕಸಿ ಕಟ್ಟಿದ ಜಾಗಕ್ಕೆ ಬೆಚ್ಚಗಿರುತ್ತದಂತೆ. ಚಳಿಗೆ ನನ್ನ ಕಾಲು ಹೆಪ್ಪುಗಟ್ಟಿದರೂ ಪರವಾಗಿಲ್ಲ, ಅವನ ಮರಗಳಿಗೆ ನೆಗಡಿಯಾಗಬಾರದು. ನಗಬೇಡ, ಈ ಹುಚ್ಚಿನ ಹಿಂದೆ ಇರುವವಳು ನೀನೇ. ಈ ತೋಪು ಫಲಕ್ಕೆ ಬಂದರೆ ಮನೆ ತಾನಾಗಿಯೇ ನಡೆಯುತ್ತದೆ, ನಾದ್ಯಾ ಇನ್ನೊಬ್ಬರ ಮನೆಯಲ್ಲಿ ಇರಬೇಕಾಗಿಲ್ಲ ಎಂಬುದು ಅವನ ಲೆಕ್ಕಾಚಾರ. ಬಾಯಿಬಿಟ್ಟು ಹೇಳುವ ಗಂಡಸಲ್ಲ ಅವನು, ಗುಂಡಿ ತೋಡುವ ಗಂಡಸು.

ಗುಂಡಿ ಆಯಿತು, ಗೊಬ್ಬರ ಆಯಿತು, ಹೋದ ವಾರ ಸಸಿಗಳೂ ಬಂದವು. ಇನ್ನು ನೆಡುವವರು ಯಾರು ಎಂಬ ಪ್ರಶ್ನೆ. ನಿನಗೆ ಗೊತ್ತಲ್ಲ, ಈ ಊರಿನಲ್ಲಿ ಅದಕ್ಕೆ ನಾನೇ ಆಗಬೇಕು. ಅಕ್ರೋಟು ನೆಟ್ಟವನು ಅದು ಮೊದಲ ಕಾಯಿ ಬಿಟ್ಟ ವರ್ಷ ಸತ್ತುಹೋಗುತ್ತಾನೆ ಎಂದು ನಮ್ಮವರು ಹೆದರುತ್ತಾರೆ, ಅದಕ್ಕೇ ಹಣ್ಣು ಹಣ್ಣಾದ ಮುದುಕರನ್ನು ಕರೆದು ನೆಡಿಸುತ್ತಾರೆ. ಮೊದಲು ಸಾಫ್ತಾಳ ಅಮ್ಮ ನೆಡುತ್ತಿದ್ದಳು, ಅವಳ ನಂತರ ಆ ಪದವಿ ನನಗೆ ಬಂತು. ಅಗಾಫಿಯಾ ಅಜ್ಜಿ, ಒಂದು ನಿಮಿಷ ಬಂದು ಹೋಗಿ ಎನ್ನುತ್ತಾರೆ. ನಾನು ಒಳ್ಳೆಯ ತಲೆವಸ್ತ್ರ ಕಟ್ಟಿಕೊಂಡು ಹೋಗಿ, ಸಸಿಯನ್ನು ಗುಂಡಿಯಲ್ಲಿ ನಿಲ್ಲಿಸಿ, ಮೂರು ಹಿಡಿ ಮಣ್ಣು ಹಾಕುತ್ತೇನೆ. ಮಿಕ್ಕದ್ದು ಅವರು ಮುಚ್ಚಿಕೊಳ್ಳುತ್ತಾರೆ. ಬಿಸಿ ಕಡುಬು ಕೊಡುತ್ತಾರೆ, ಒಂದು ಲೋಟ ವೈನು ಕೊಡುತ್ತಾರೆ. ಶಾಲೆಯ ಬೇಲಿಯ ಸಾಲು ನನ್ನದು, ಹಾಲಿನ ಡಿಪೋ ಎದುರಿನದು ನನ್ನದು. ನನಗೇನೂ ಭಯವಿರಲಿಲ್ಲ. ಬೀಜದ ಗಿಡ ಫಲ ಕೊಡಲು ಹತ್ತು ಹದಿನೈದು ವರ್ಷ ತೆಗೆದುಕೊಳ್ಳುತ್ತದೆ, ಅಷ್ಟು ದಿನ ಇದ್ದು ನಾನು ಯಾವ ರಾಜ್ಯ ಆಳಬೇಕು ಎಂದು ತಮಾಷೆ ಮಾಡುತ್ತಿದ್ದೆ.

ಟುಡೋರ್ ತಂದದ್ದು ಕಸಿ ಸಸಿ. ನರ್ಸರಿಯವನೇ ಗಾಡಿಯಲ್ಲಿ ಬಂದಿದ್ದ, ಅಂಗಳದಲ್ಲಿ ಅರ್ಧ ಬೀದಿ ಸೇರಿತ್ತು. ಒದ್ದೆ ಗೋಣಿ ಬಿಚ್ಚಿ ಒಂದೊಂದನ್ನೇ ಎತ್ತಿ ತೋರಿಸುತ್ತ, ಇದು ನಿಮ್ಮ ಹಳೆಯ ಮರದ ಹಾಗಲ್ಲ, ಮೂರನೆಯ ವರ್ಷಕ್ಕೇ ಕಾಯಿ ಕಾಣಿಸುತ್ತದೆ ಅಂದ. ಎಲ್ಲರೂ ಬೆರಗಾಗಿ ಸೀಟಿ ಹೊಡೆದರು. ಟುಡೋರನ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ನನ್ನ ಕೈಯಲ್ಲಿ ಎಲ್ಲರಿಗೂ ಕೊಡಲು ತಂದ ಕಡುಬಿನ ತಟ್ಟೆ ಇತ್ತು, ಅದನ್ನು ಹಾಗೇ ವಾಪಸು ಒಳಗೆ ತೆಗೆದುಕೊಂಡು ಹೋದೆನಂತೆ, ಆಮೇಲೆ ಡೋಯ್ನಾ ಹೇಳಿದಳು. ಮೂರು ವರ್ಷ, ಮಗಳೇ. ನಾನು ಊರಿಗೆಲ್ಲ ನಗುನಗುತ್ತ ನೆಟ್ಟುಕೊಟ್ಟವಳು, ನನ್ನ ಮನೆಯ ತೋಪಿಗೆ ಬಂದಾಗ ಕೈ ಹಿಂದೆ ಕಟ್ಟಿಕೊಂಡೆ.

ಮಾರನೆಯ ದಿನ ಅವನು ಟೋಪಿ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ. "ಅತ್ತೆ, ಊರಿಗೆಲ್ಲಾ ನೆಟ್ಕೊಟ್ಟಿದ್ದೀರಿ. ಮನೆಯವನಿಗೆ ಇಲ್ವಾ?" ಅಂದ. "ಊರಿನವರ ಮರ ಸೋಮಾರಿ ಮರ ಕಣೋ, ನಿನ್ನದಕ್ಕೆ ಬಹಳ ಅವಸರ. ನನ್ನ ಮಗಳ ಮುಖ ನೋಡೋವರೆಗೂ ನಾನು ಎಲ್ಲಿಗೂ ಹೋಗೋದಿಲ್ಲ" ಅಂದೆ. ಅವನು ಟೋಪಿಯನ್ನು ತಿರುಗಿಸುತ್ತ, "ಅವಳು ಬರಲಿ ಅಂತಾನೇ ಅಲ್ವಾ ಅತ್ತೆ, ನಾನು ಇದನ್ನೆಲ್ಲಾ ಮಾಡ್ತಿರೋದು" ಅಂದ. ಯಾವ ಕಾಯಿ ನಿನ್ನನ್ನು ಕರೆದು ತರಬೇಕೋ ಅದೇ ಕಾಯಿ ನನ್ನನ್ನು ಕಳಿಸುತ್ತದೆ. ಒಲೆಯ ಕಡೆ ತಿರುಗಿ ಹಿಟ್ಟು ಕದಡಿದೆ.

ಇದೆಲ್ಲ ಮೂಢನಂಬಿಕೆ ಎಂದು ನೀನು ಬರೆಯುತ್ತೀಯೆ, ಗೊತ್ತು. ನಾನೂ ಹಾಗೇ ಹೇಳಿಕೊಳ್ಳುತ್ತೇನೆ. ಆದರೆ ಗೇಟಿನ ಪಕ್ಕದ ಮರವನ್ನು ನೀನು ಹುಟ್ಟಿದ ವಾರ ನಿನ್ನಪ್ಪ ನೆಟ್ಟ, ಯಾವ ಮುದುಕರನ್ನೂ ಕರೆಯಲಿಲ್ಲ, ಗಟ್ಟಿಯಾಗಿ ನಗುತ್ತ ನೆಟ್ಟ. ಅದು ಮೊದಲ ಕಾಯಿ ಬಿಟ್ಟ ವರ್ಷ ನೀನು ಐದನೆಯ ತರಗತಿ. ಸಿಪ್ಪೆ ಸುಲಿದು ನಿಮ್ಮಿಬ್ಬರ ಕೈಯೂ ಕಪ್ಪಾಗಿತ್ತು, ಆ ಕಪ್ಪು ಹೋಗುವ ಮೊದಲೇ ಅವನು ಹೋದ. ಡಾಕ್ಟರು ಹೃದಯ ಎಂದರು. ಹೃದಯವೇ ಇರಬೇಕು. ಆದರೂ ಮಸಣದಿಂದ ಬಂದು ಗೇಟು ತೆರೆಯುವಾಗ ಆ ಮರದ ಕಡೆ ನಾನು ನೋಡಲಿಲ್ಲ.

ಸಸಿಗಳು ನೆಲಮಾಳಿಗೆಯ ಒದ್ದೆ ಮರಳಿನಲ್ಲಿ ಮಲಗಿವೆ. ಮೊಗ್ಗು ಉಬ್ಬುತ್ತಿದೆ, ಇನ್ನು ತಡಮಾಡಿದರೆ ಬೇರು ಹಿಡಿಯುವುದಿಲ್ಲ ಎಂದು ಟುಡೋರ್ ದಿನಕ್ಕೆರಡು ಸಲ ಇಳಿದು ನೋಡುತ್ತಾನೆ. ಊರಿನ ಬೇರೆ ಮುದುಕರನ್ನು ಕೇಳಿದ. ಮೂರು ವರ್ಷ ಎಂಬ ಸುದ್ದಿ ಅಷ್ಟರಲ್ಲಿ ಎಲ್ಲ ಕಡೆ ಹಬ್ಬಿತ್ತು, ಒಬ್ಬರಿಗೆ ಇದ್ದಕ್ಕಿದ್ದಂತೆ ಕೀಲು ಹಿಡಿಯಿತು, ಒಬ್ಬರಿಗೆ ಕಣ್ಣು ಮಂಜಾಯಿತು. ಇವತ್ತು ಊಟದ ಹೊತ್ತಿಗೆ, ನಾಳೆ ನಾನೇ ನೆಡುತ್ತೇನೆ ಎಂದ. ನೆಡು, ನಿನಗೆ ಅಂಥ ನಂಬಿಕೆ ಇಲ್ಲವಲ್ಲ ಅಂದೆ. ಡೋಯ್ನಾ ತಟ್ಟೆಯಿಂದ ಮುಖ ಎತ್ತಲಿಲ್ಲ.

ಊರವರ ಕಾಗದ, ಗಂಟು ಒಯ್ಯುವ ಇಯಾಕೋಬನ ವ್ಯಾನು ನಾಳೆ ಬೆಳಿಗ್ಗೆ ನೀನಿರುವ ಪಾದುವಾಕ್ಕೆ ಹೊರಡುತ್ತದೆ. ಬಿಳಿ ಚೀಲದಲ್ಲಿ ಒಡೆದ ಅಕ್ರೋಟು ಇದೆ, ಈ ಚಳಿಗಾಲ ನಾನೂ ಡೋಯ್ನಾಳೂ ಒಲೆಯ ಮುಂದೆ ಕುಳಿತು ಒಡೆದದ್ದು. ತುಂಡಾಗದ ಹೋಳುಗಳನ್ನೇ ಆರಿಸಿದ್ದೇನೆ. ಜಾಡಿಯಲ್ಲಿ ಎಳೆಗಾಯಿಯ ಮುರಬ್ಬ. ಅದನ್ನು ಪೂರ್ತಿ ಆ ಅಜ್ಜಮ್ಮನಿಗೇ ತಿನ್ನಿಸಬೇಡ, ಒಂದೆರಡು ಚಮಚ ಕೊಡು, ಮಿಕ್ಕದ್ದು ನೀನು ತಿನ್ನು. ನಿನ್ನ ಜೊತೆ ಭಾನುವಾರ ಪಾರ್ಕಿನಲ್ಲಿ ಕೂರುವ ನಮ್ಮೂರ ಹೆಣ್ಣುಮಕ್ಕಳಿಗೆಲ್ಲ ನನ್ನ ನೆನಪು ಹೇಳು. ಟುಡೋರ್ ನಿನಗೆ ಮುತ್ತು ಎಂದು ಬರೆಯಲು ಹೇಳಲಿಲ್ಲ, ಆದರೆ ಕಾಗದ ಬರೆಯುತ್ತಿರುವಾಗ ಎರಡು ಸಲ ಕಾರಣವಿಲ್ಲದೆ ಒಳಗೆ ಬಂದು ಹೋದ, ಅದನ್ನೇ ಮುತ್ತು ಎಂದುಕೋ. ದೇವಮಾತೆ ನಿನ್ನ ಬೆನ್ನಿಗಿರಲಿ, ನಿನ್ನ ಕೈಗೆ ಕೆಲಸವೂ ಕಣ್ಣಿಗೆ ನಿದ್ದೆಯೂ ಇರಲಿ.

ನಿನ್ನ ದಾರಿ ನೋಡುವ ಅಮ್ಮ,
ಅಗಾಫಿಯಾ

ಮತ್ತೆ ಬರೆದದ್ದು: ಮಂಗಳವಾರ ಬೆಳಿಗ್ಗೆ. ಇಯಾಕೋಬ್ ಗೇಟಿನಲ್ಲಿ ಹಾರ್ನು ಹೊಡೆಯುತ್ತಿದ್ದಾನೆ, ಕಾಯಲಿ. ಅಕ್ಷರ ನೆಟ್ಟಗಿಲ್ಲ, ಉಗುರಲ್ಲೆಲ್ಲ ಮಣ್ಣು. ಎದ್ದು ನೋಡುತ್ತೇನೆ, ಅಪ್ಪ ಮಗಳು ಇಬ್ಬರೂ ದಿಬ್ಬದ ಮೇಲಿದ್ದರು. ನಾನು ಕೋಲೂರಿಕೊಂಡು ಹತ್ತುವಷ್ಟರಲ್ಲಿ ಟುಡೋರ್ ಮೊದಲ ಗುಂಡಿಯ ಪಕ್ಕ ಮಂಡಿಯೂರಿದ್ದ, ಡೋಯ್ನಾ ಸಸಿಯನ್ನು ಎದೆಗವಚಿಕೊಂಡು ನಿಂತಿದ್ದಳು, ಕೊಡುತ್ತಿರಲಿಲ್ಲ. "ಅಪ್ಪಾ, ನೀನು ನೆಟ್ರೆ ನೀನೂ ಹೋಗ್ಬಿಡ್ತೀಯಾ?" ಅಂತ ಕೇಳಿದಳು. ನಾನು ಹೋಗಿ ಸಸಿಯನ್ನು ಅವಳ ಕೈಯಿಂದ ತೆಗೆದುಕೊಂಡೆ. "ಏಳೋ ಆ ಕಡೆ, ಇದು ಮುದುಕಿಯರ ಕೆಲಸ" ಅಂದೆ. ಎಲ್ಲವನ್ನೂ ನಾನೇ ನೆಟ್ಟೆ, ಒಂದನ್ನೂ ಬಿಡಲಿಲ್ಲ. ತಲೆವಸ್ತ್ರ ಸಹ ಕಟ್ಟಿಕೊಂಡಿರಲಿಲ್ಲ. ಟುಡೋರ್ ನೀರು ಹಾಕುತ್ತ ಬಂದ, ಅತ್ತನೇನೋ, ನನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದುಕೋ. ಇಳಿಯುವಾಗ ಅವನು ನನ್ನ ತೋಳು ಹಿಡಿದುಕೊಂಡು ಒಂದು ಮಾತು ಹೇಳಿದ. ಎಳೆಮರಕ್ಕೆ ಬಂದ ಹೂವನ್ನೆಲ್ಲ ಮೊದಲ ಕೆಲವು ವರ್ಷ ಚಿವುಟಿ ಹಾಕಬೇಕಂತೆ, ಇಲ್ಲವಾದರೆ ಬಲವೆಲ್ಲ ಕಾಯಿಗೆ ಹೋಗಿ ಚಳಿ ತಡೆಯದೆ ಸಾಯುತ್ತದಂತೆ. ಆ ಕೆಲಸ ಬೇರೆ ಯಾರೂ ಮುಟ್ಟಬೇಡಿ, ಅದು ನನ್ನದು ಅಂದೆ. ಒಂದು ಹೂವನ್ನೂ ಕಾಯಾಗಲು ಬಿಡುವುದಿಲ್ಲ ನಾನು. ನಾದ್ಯಾ, ತೋಪು ಫಲಕ್ಕೆ ಬರಲಿ ಎಂದು ಕಾಯಬೇಡ. ಕಾಗದಪತ್ರ ಬಂದರೆ ಅದನ್ನು ಹಿಡಿದುಕೊಂಡು ಬಾ, ಬರದಿದ್ದರೆ ಹಾಗೇ ಬಾ. ನಿನ್ನಮ್ಮ ಎಷ್ಟು ಕುಳ್ಳಿ ಎಂಬುದು ನಿನಗೆ ಗೊತ್ತು, ಏಣಿ ಹತ್ತುವ ಮಂಡಿಗಳೂ ಇವಲ್ಲ. ಕೊಂಬೆ ನನ್ನ ಕೈಗೆ ಸಿಗುವಷ್ಟು ವರ್ಷ ಮಾತ್ರ ಹೂ ಚಿವುಟಬಲ್ಲೆ, ಅಷ್ಟರೊಳಗೆ ಬಂದುಬಿಡು ಮಗಳೇ.