ಪೋಖರಾದ ಕೆರೆಯಲ್ಲಿ ಒಬ್ಬಳೇ

ಅಕ್ಟೋಬರ್ ೧೪, ಮಂಗಳವಾರ. ಪೋಖರಾ.

ಇವರ ಫೋನನ್ನು ಇವತ್ತು ಕೆರೆಗೇ ಎಸೆಯಬೇಕಿತ್ತು. ಮದುವೆಯಾದ ಮೇಲೆ ಮೊದಲ ಸಲ ತಗಡೂರು ಬಿಟ್ಟು ನೇಪಾಳದವರೆಗೆ ಬಂದಿದ್ದೀವಿ. ಈ ಮನುಷ್ಯನ ಜೀವ ಮಾತ್ರ ಕೊಟ್ಟಿಗೆಯಲ್ಲಿರೋ ತುಂಬುಗಬ್ಬದ ಹಸು ಗೌರಿ ಮೇಲೇ ಇದೆ. ದೋಣಿ ಹತ್ತುವಾಗಲೂ ಊರಿಂದ ಮೈದುನನ ಫೋನು.

"ನೀನು ಓಗ್ಬಾ, ಗೌರಿ ಕರ ಆಕೋ ಹೊತ್ತು" ಅಂದರು. ಸಿಟ್ಟಿಗೆ ಒಬ್ಬಳೇ ಹತ್ತಿದೆ.

ದಡ ಬಿಟ್ಟು ಸ್ವಲ್ಪ ದೂರ ಹೋಗಿದ್ದೆ. ಬಂದಾಗಿನಿಂದ ಕಾಣದಿದ್ದ ಹಿಮದ ಬೆಟ್ಟ ಮೋಡ ಸರಿದು ಬೆಳ್ಳಗೆ ಎದ್ದು ನಿಂತಿತು. "ರೀ, ನೋಡ್ರೀ!" ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ಬೆನ್ನು ತಿರುಗಿಸಿ ನಿಂತಿದ್ದವರು, ಇರು ಅನ್ನೋ ಹಾಗೆ ಕೈ ಎತ್ತಿದರು ಅಷ್ಟೆ.

ಇಳಿಯುವಷ್ಟರಲ್ಲಿ ಮತ್ತೆ ಮೋಡ. "ಹೆಣ್ಗರ ಕಣೆ!" ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ನಗ್ತಾರೆ. ಬೈಯೋಕೂ ಬಾಯಿ ಬರಲಿಲ್ಲ.

ನಾಳೆ ವಾಪಸ್. ಬೆಟ್ಟ ಹೇಗಿತ್ತು ಅಂತ ಇನ್ನೂ ಕೇಳಿಲ್ಲ. ನಾನಾಗಿ ಹೇಳೋದಿಲ್ಲ. ಕೇಳಿದರೆ ಮಾತ್ರ...