ಮೊಳದಷ್ಟು ಹೆಚ್ಚಿನ ವೈರು

ಅಕ್ಟೋಬರ್ ೧೯, ಭಾನುವಾರ

ಹೊಸ ಸ್ಕ್ರೀನಿಗೆ ಜಾಗ ಮಾಡಲು, ನಮ್ಮ ಪುಟ್ಟ ವಿಮಾನದ ಪ್ಯಾನೆಲ್ ಹಿಂದಿನ ರಿಲೇ ಸ್ವಿಚ್ಚನ್ನು ಇವತ್ತು ಪಕ್ಕಕ್ಕೆ ಸರಿಸಿದೆ. ಹಳೆಯ ವೈರು ಸಾಲದೆಂದು ಹೊಸದನ್ನು ಕೊಂಡೇ ಬರ್ಲಿಂಗ್ಟನ್ನಿನಲ್ಲಿ ವಿಮಾನ ನಿಲ್ಲಿಸಿರುವ ಹ್ಯಾಂಗರಿಗೆ ಹೋಗಿದ್ದೆ. ಪ್ಯಾನೆಲ್ ಹಿಂದೆ ಕೈಹಾಕಿದರೆ, ಒಳಗೆ ಹಳೆಯ ವೈರಿನದೇ ಹೆಚ್ಚುವರಿ ಸುರುಳಿ. ಅದಕ್ಕೆ ದಾರ, ದಾರಕ್ಕೆ ವಿಜಯಾ ಹಾಕಿದ ಗಂಟು.

ಇಬ್ಬರೂ ಸೇರಿ ಈ ವಿಮಾನ ಕಟ್ಟುವಾಗ ರೇಗಿದ್ದೆ: "ಮೊಳ ವೈರು ಯಾಕೆ ಹೆಚ್ಚಿಗೆ ಬಿಡ್ತೀಯ? ಸುಮ್ನೆ ವೇಟು ಜಾಸ್ತಿ."

"ಇರ್ಲಿ ರೀ. ಬೆಳೆಯೋ ಹುಡುಗಿ ಲಂಗಾನ ಮಡಿಚಿ ಹೊಲಿಯಲ್ವಾ? ನಾಳೆ ನೀವೇ ಏನಾದ್ರೂ ಶಿಫ್ಟ್ ಮಾಡ್ತೀರ."

ಗಂಟು ಬಿಚ್ಚಿದೆ. ವೈರು ಹೊಸ ಜಾಗಕ್ಕೆ ಸರಿಯಾಗಿ ಮುಟ್ಟಿತು. ಹೇಳೋಣವೆಂದು ಪಕ್ಕದ ಸೀಟಿಗೆ ತಿರುಗಿಯೂಬಿಟ್ಟೆ. ಅವಳು ತೀರಿಕೊಂಡು ಮೂರು ವರ್ಷವಾಯಿತು.

ಕೊಂಡ ವೈರು ಕಾರಿನಲ್ಲೇ ಇತ್ತು. ಅದನ್ನೇ ಎಳೆದು, ಆ ಗಂಟನ್ನು ಹಾಗೇ ಬಿಡಬಹುದಿತ್ತು.