ಗಂಡನ ಹೆಸರು

ಬೀರೂರು
14-3-1986

ಮಾನ್ಯ ಡಾಕ್ಟರ್ ಸಾಹೇಬರಿಗೆ, ನಿವೃತ್ತ ರೈಲ್ವೆ ಗಾರ್ಡ್ ಮಲ್ಲಿಕಾರ್ಜುನಯ್ಯ ಮಾಡುವ ವಿಜ್ಞಾಪನೆ.

ಹೋದ ವರ್ಷ ನನ್ನ ಹೆಂಡತಿ ವಿಶಾಲಾಕ್ಷಮ್ಮನ ತಲೆಗೆ ತಂತಿ ಅಂಟಿಸಿ, ಮೆದುಳಿನ ಅಲೆಗಳನ್ನು ಕಾಗದದ ಮೇಲೆ ತೆಗೆದಿರಿ. ಮರೆವಿನ ಕಾಯಿಲೆ ಎಂದಿರಿ. ಗಂಡನ ಹೆಸರು ಕೇಳಿದ್ದಕ್ಕೆ ಅವಳು ತಲೆ ತಗ್ಗಿಸಿ ಸುಮ್ಮನಾದಳು. ನೀವು 'ಮರೆತಿದ್ದಾರೆ' ಎಂದು ಬರೆದುಕೊಂಡಿರಿ. "ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳಲ್ಲ ಕಣ್ರೀ!" ಎಂದು ನಾನು ಕೂಗಾಡಿದೆ. ನಿಮ್ಮ ಯಂತ್ರವೂ ಸುಳ್ಳು ಎಂದುಕೊಂಡು ಅವಳನ್ನು ಊರಿಗೆ ಕರೆತಂದೆ.

ಮಗಳ ಬಲವಂತಕ್ಕೆ ಮೊನ್ನೆ ಅವಳನ್ನು ಮತ್ತೆ ಕರೆದುಕೊಂಡು ಬಂದೆ. ನೀವು ಮತ್ತೆ ಅಲೆ ತೆಗೆದು, ಎರಡೂ ವರ್ಷದ ಕಾಗದಗಳನ್ನು ಮೇಜಿನ ಮೇಲೆ ಹರಡಿ, ಅಲೆಗಳು ಇನ್ನೂ ನಿಧಾನವಾಗಿವೆ ಎಂದಿರಿ. ಆಗಲೂ ನಾನು ನಂಬಲಿಲ್ಲ. ಆಮೇಲೆ ಅದೇ ಪ್ರಶ್ನೆ ಕೇಳಿದಿರಿ.

"ಮಲ್ಲಿಕಾರ್ಜುನಯ್ಯ ಕಣಪ್ಪ," ಎಂದಳು, ನನ್ನ ಮುಖ ನೋಡಿಕೊಂಡೇ.

ನೀವು ಭೇಷ್ ಎಂದು ಸರಿ ಗುರುತು ಹಾಕಿದಿರಿ. ನಿಮ್ಮ ಯಂತ್ರದ ಮಾತನ್ನು ನಾನು ನಂಬಿದ್ದು ಆಗಲೇ. ನಲವತ್ತೊಂದು ವರ್ಷ ಅವಳು ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡು ತೋರಿಸುತ್ತಿದ್ದಳು. ದೇವರಿಗೂ ಅದೇ ಹೆಸರೆಂದು ಪೂಜೆಯಲ್ಲಿ ಕೂಡ 'ಶ್ರೀಶೈಲದ ಸ್ವಾಮಿ' ಎನ್ನುತ್ತಿದ್ದಳು.

ಮುಂದೆ ಯಾವಾಗ ಬರಬೇಕೆಂದು ಒಂದು ಕಾಗದ ಹಾಕಿ. ತಂತಿ ಅಂಟಲೆಂದು ನೀವು ಹೇಳಿದಂತೆ ತಲೆಗೆ ಎಣ್ಣೆ ಹಚ್ಚದೆ ಕರೆತರುತ್ತೇನೆ. ಈಗ ದಯವಿಟ್ಟು ನಿಮ್ಮ ದಾಖಲೆ ತಿದ್ದಿ. ಹೋದ ವರ್ಷ ಅವಳು ಸುಮ್ಮನಿದ್ದದ್ದೇ ಸರಿ ಉತ್ತರ. 'ಮರೆತಿದ್ದಾರೆ' ಎಂದು ಈ ಸಲದ್ದಕ್ಕೆ ಬರೆಯಿರಿ.

ಇತಿ ತಮ್ಮ ವಿಧೇಯ,
ಮಲ್ಲಿಕಾರ್ಜುನಯ್ಯ